ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರದ ಉನ್ನತೀಕರಣ

ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರದ ಉನ್ನತೀಕರಣ ಎಂದರೆ ಬಳಕೆಯಲ್ಲಿರುವ ಗಣಕಯಂತ್ರವನ್ನು ಪೂರ್ತಿಯಾಗಿ ಬದಲಿಸದೆ, ಅದರ ಕೆಲವು ಬಿಡಿಭಾಗಗಳನ್ನು ಮಾತ್ರ ಹೊಸದಾಗಿ ಅಳವಡಿಸಿ ಅದರ ವೇಗ, ಸಂಗ್ರಹ ಸಾಮರ್ಥ್ಯ ಮತ್ತು ಬಾಳಿಕೆಯನ್ನು ಹೆಚ್ಚಿಸುವ ಕ್ರಿಯೆ. ಸಾಮಾನ್ಯವಾಗಿ ಹಾರ್ಡ್ ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಅಳವಡಿಸುವುದು, ರ‍್ಯಾಮ್ ಹೆಚ್ಚಿಸುವುದು, ಸಂಸ್ಕಾರಕ, ಗ್ರಾಫಿಕ್ಸ್ ಕಾರ್ಡ್ ಅಥವಾ ಎಸ್‌ಎಂಪಿಎಸ್ ಬದಲಿಸುವುದು ಇದರಲ್ಲಿ ಸೇರುತ್ತವೆ. ಕಾರ್ಯಾಚರಣೆ ವ್ಯವಸ್ಥೆಯ ಬದಲಾವಣೆಯೂ ಹಲವು ವೇಳೆ ಇದರ ಭಾಗವಾಗಿರುತ್ತದೆ. ಈ ಲೇಖನವು ಉನ್ನತೀಕರಣದ ಸಾಮಾನ್ಯ ತತ್ತ್ವಗಳನ್ನು, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಪರಿಸ್ಥಿತಿಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತದೆ.

ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆಯು ಬಿಡುಗಡೆ ಮಾಡಿದ ವೈಯಕ್ತಿಕ ಗಣಕವು, ಬೇರೆ ಬೇರೆ ತಯಾರಕರ ಬಿಡಿಭಾಗಗಳನ್ನು ಒಂದೇ ಯಂತ್ರದಲ್ಲಿ ಜೋಡಿಸುವ ಪದ್ಧತಿಗೆ ದಾರಿ ಮಾಡಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನಕವು ಮದರ್‌ಬೋರ್ಡ್‌ನ ಅಳತೆ, ತಿರುಪುಗಳ ಸ್ಥಾನ ಮತ್ತು ವಿದ್ಯುತ್ ಸಂಪರ್ಕಗಳನ್ನು ನಿಗದಿಪಡಿಸಿತು. ಒಬ್ಬ ತಯಾರಕನ ಪೆಟ್ಟಿಗೆಯಲ್ಲಿ ಮತ್ತೊಬ್ಬನ ಮದರ್‌ಬೋರ್ಡ್ ಕೂರುವುದು ಈ ಮಾನಕದಿಂದಲೇ. ಲ್ಯಾಪ್‌ಟಾಪ್‌ಗಳಲ್ಲಿ ಇಂತಹ ಅವಕಾಶ ಬಹಳ ಕಡಿಮೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಕರ್ನಾಟಕದ ಇತರೆಡೆಗಳಂತೆ ಇಲ್ಲಿಯೂ ಸಾರ್ವಜನಿಕ ಸಂಸ್ಥೆಗಳಿಗೆ ಗಣಕಯಂತ್ರಗಳು ಯೋಜನೆಗಳ ಮೂಲಕ ತಂಡತಂಡವಾಗಿ ಬಂದವು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯು ತಾಲ್ಲೂಕು ಕಚೇರಿಗಳಲ್ಲಿ ಪಹಣಿಯನ್ನು ಗಣಕೀಕರಿಸಿತು. ಅದೇ ಅವಧಿಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗಾಗಿ ರಾಜ್ಯದ ಮಾಹಿತಿ ಸಿಂಧು ಕಾರ್ಯಕ್ರಮ, 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಆರಂಭವಾದವು. ಒಂದೇ ಬಾರಿಗೆ ಬಂದ ಯಂತ್ರಗಳು ಒಂದೇ ಬಾರಿಗೆ ಹಳೆಯವೂ ಆಗುತ್ತವೆ. ಪ್ರಯೋಗಾಲಯದ ಎಲ್ಲ ಗಣಕಗಳೂ ಏಕಕಾಲಕ್ಕೆ ನಿಧಾನವಾದಾಗ ಅವುಗಳನ್ನು ಮೂಲೆಗೆ ಸರಿಸಬೇಕೇ, ಸರಿಪಡಿಸಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ.

ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯಾದ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯು ಶಿರಾದಿಂದ ಸುಮಾರು 120 ಕಿ.ಮೀ., ಪಾವಗಡದಿಂದ 150 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿದೆ. ಹೊಂದಾಣಿಕೆಯಾಗದ ಒಂದು ಭಾಗವನ್ನು ಕೊಂಡು ತಂದರೆ ಅದನ್ನು ಬದಲಿಸಲು ಮತ್ತೊಂದು ದಿನವೇ ಬೇಕಾಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ ಮಾಡುವ ಪರಿಶೀಲನೆಯು ಇಂತಹ ಸ್ಥಳಗಳಲ್ಲಿ ಹೆಚ್ಚಿನ ಮಹತ್ವ ಪಡೆಯುತ್ತದೆ.

ಪೂರ್ವ ಪರಿಶೀಲನೆ

ಮೊದಲು ತಿಳಿಯಬೇಕಾದುದು ಯಂತ್ರವು ಯಾವ ಕಾರಣಕ್ಕೆ ನಿಧಾನವಾಗಿದೆ ಎಂಬುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಂಸ್ಕಾರಕ, ರ‍್ಯಾಮ್ ಮತ್ತು ಡಿಸ್ಕ್‌ಗಳ ಬಳಕೆಯ ಪ್ರಮಾಣವನ್ನು ಕಾಣಬಹುದು.

* ಯಂತ್ರ ಆರಂಭವಾದ ಬಹಳ ಹೊತ್ತಿನವರೆಗೂ ಡಿಸ್ಕ್ ಬಳಕೆ ಶೇ. 100ರಲ್ಲಿಯೇ ಇದ್ದರೆ ಹಾರ್ಡ್ ಡಿಸ್ಕ್ ಅಡಚಣೆಯಾಗಿರುವ ಸಾಧ್ಯತೆ ಹೆಚ್ಚು.
* ಬ್ರೌಸರ್‌ನಲ್ಲಿ ನಾಲ್ಕಾರು ಪುಟಗಳನ್ನು ತೆರೆದೊಡನೆ ರ‍್ಯಾಮ್ ತುಂಬಿ ಯಂತ್ರ ತಡವರಿಸಿದರೆ ರ‍್ಯಾಮ್ ಸಾಲದಾಗಿದೆ.
* ರ‍್ಯಾಮ್ ಮತ್ತು ಡಿಸ್ಕ್ ಬಿಡುವಾಗಿದ್ದು ಸಂಸ್ಕಾರಕವೊಂದೇ ಪೂರ್ತಿ ದುಡಿಯುತ್ತಿದ್ದರೆ ಸಂಸ್ಕಾರಕದ ಮಿತಿ ಬಂದಿದೆ.
* ಯಂತ್ರವು ತಾನಾಗಿ ಆರಿಹೋಗುತ್ತಿದ್ದರೆ ಅಥವಾ ಮರುಚಾಲನೆಯಾಗುತ್ತಿದ್ದರೆ ಉಷ್ಣ, ಧೂಳು ಇಲ್ಲವೇ ಎಸ್‌ಎಂಪಿಎಸ್ ಕಾರಣವಿರಬಹುದು.
* ದಿನಾಂಕ ಮತ್ತು ಸಮಯ ಪ್ರತಿ ಬಾರಿ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನಲ್ಲಿರುವ 3 ವೋಲ್ಟ್‌ಗಳ ಸಿಆರ್2032 ನಾಣ್ಯಾಕಾರದ ಬ್ಯಾಟರಿ ಮುಗಿದಿರುತ್ತದೆ. ಇದು ಅತಿ ಅಗ್ಗದ ದುರಸ್ತಿ.

ನಂತರ ಮದರ್‌ಬೋರ್ಡ್‌ನ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಇದು ಸಾಮಾನ್ಯವಾಗಿ ಬೋರ್ಡ್‌ನ ಮೇಲೆಯೇ ಮುದ್ರಿತವಾಗಿರುತ್ತದೆ. ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಷನ್ ಪುಟದಲ್ಲಿಯೂ ದೊರೆಯುತ್ತದೆ. ಯಾವ ಸಂಸ್ಕಾರಕ, ಯಾವ ಬಗೆಯ ರ‍್ಯಾಮ್, ಎಷ್ಟು ಗರಿಷ್ಠ ಸಾಮರ್ಥ್ಯ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಈ ಸಂಖ್ಯೆಯಿಂದಲೇ ಸಿಗುತ್ತದೆ.

ಬಿಡಿಭಾಗಗಳು

ಸಂಗ್ರಹ ಸಾಧನ

ಹಳೆಯ ಗಣಕಗಳಲ್ಲಿ ಅತ್ಯಂತ ಹೆಚ್ಚು ಪರಿಣಾಮ ಕಾಣುವುದು ಹಾರ್ಡ್ ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಅಳವಡಿಸಿದಾಗ. ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಬಾರಿ ಸುತ್ತುತ್ತವೆ. ಬೇಕಾದ ಮಾಹಿತಿಯಿರುವ ಸ್ಥಳಕ್ಕೆ ಓದುವ ತಲೆಯು ಚಲಿಸಿ, ತಟ್ಟೆಯು ಅಲ್ಲಿಗೆ ಸುತ್ತಿ ಬರುವವರೆಗೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲದ ಕಾರಣ ಈ ಕಾಯುವಿಕೆ ಒಂದು ಮಿಲಿಸೆಕೆಂಡ್‌ಗಿಂತಲೂ ಬಹಳ ಕಡಿಮೆ. ಗಣಕವು ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಕಾಣುವಂತಿರುತ್ತದೆ.

ಸಾಟಾ ಸಂಪರ್ಕದ ಮೂರು ತಲೆಮಾರುಗಳ ವೇಗ ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್. ಇವು ಪರಸ್ಪರ ಹೊಂದಿಕೊಳ್ಳುತ್ತವೆ. ಹೊಸ ಎಸ್‌ಎಸ್‌ಡಿಯನ್ನು ಹಳೆಯ ಸಾಟಾ ಬೋರ್ಡ್‌ಗೆ ಜೋಡಿಸಿದರೆ ಅದು ಬೋರ್ಡ್‌ನ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಆದರೂ ಹಾರ್ಡ್ ಡಿಸ್ಕ್‌ಗಿಂತ ಚುರುಕಾಗಿರುತ್ತದೆ. ಅಗಲವಾದ ಪಟ್ಟಿ ಕೇಬಲ್‌ನ 40 ಪಿನ್‌ಗಳ ಐಡಿಇ ಸಂಪರ್ಕ ಮಾತ್ರವಿರುವ ಯಂತ್ರಗಳಿಗೆ ಸಾಟಾ ಎಸ್‌ಎಸ್‌ಡಿ ನೇರವಾಗಿ ಹೊಂದುವುದಿಲ್ಲ. ಎಂ.2 ಆಕಾರದ ಎನ್‌ವಿಎಂಇ ಎಸ್‌ಎಸ್‌ಡಿಗಳಿಗೆ ಬೇಕಾದ ಕಿಂಡಿ ಮತ್ತು ಅವುಗಳಿಂದ ಚಾಲನೆಗೊಳ್ಳುವ ಸೌಲಭ್ಯ ಹಳೆಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾರ್ಡ್ ಡಿಸ್ಕ್ ಕೆಡುವ ಮುನ್ನ ಅನೇಕ ವೇಳೆ ಸದ್ದು, ವಿಳಂಬಗಳಂತಹ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಗಬಹುದು. ಆದ್ದರಿಂದ ಎಸ್‌ಎಸ್‌ಡಿ ಅಳವಡಿಸಿದ ನಂತರವೂ ಕಡತಗಳ ಮತ್ತೊಂದು ಪ್ರತಿಯನ್ನು ಬೇರೆಡೆ ಇಟ್ಟಿರಬೇಕು.

ರ‍್ಯಾಮ್

ಡಿಡಿಆರ್2, ಡಿಡಿಆರ್3, ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್‌ಗಳು ಒಂದರ ಬದಲು ಮತ್ತೊಂದು ಬಳಸುವಂತಹವಲ್ಲ. ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್‌ಗಳಿದ್ದರೂ ಅವುಗಳ ಕಚ್ಚಿನ ಸ್ಥಾನ ಬೇರೆ. ವೋಲ್ಟೇಜ್ ಕ್ರಮವಾಗಿ 1.8 ಮತ್ತು 1.5. ಡಿಡಿಆರ್4 ಪಟ್ಟಿಗೆ 288 ಪಿನ್‌ಗಳಿದ್ದು 1.2 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಕಚ್ಚು ಹೊಂದದ ಪಟ್ಟಿಯನ್ನು ಬಲವಂತವಾಗಿ ಒತ್ತಿದರೆ ಪಟ್ಟಿಯೂ ಕಿಂಡಿಯೂ ಹಾಳಾಗುತ್ತವೆ.

32 ಬಿಟ್ ಕಾರ್ಯಾಚರಣೆ ವ್ಯವಸ್ಥೆಯ ವಿಂಡೋಸ್ ಸಾಮಾನ್ಯ ಆವೃತ್ತಿಗಳು 4 ಗಿಗಾಬೈಟ್‌ಗಿಂತ ಹೆಚ್ಚಿನ ರ‍್ಯಾಮ್ ಅನ್ನು ಬಳಸಲಾರವು. ಅಂತಹ ಯಂತ್ರಕ್ಕೆ 8 ಗಿಗಾಬೈಟ್ ಹಾಕಿದರೂ 64 ಬಿಟ್ ಆವೃತ್ತಿಗೆ ಬದಲಾಗದ ಹೊರತು ಪ್ರಯೋಜನವಿಲ್ಲ. ಎರಡು ಕಿಂಡಿಗಳಲ್ಲಿ ಸಮಾನ ಸಾಮರ್ಥ್ಯದ ಪಟ್ಟಿಗಳನ್ನು ಹಾಕಿದರೆ ಎರಡು ವಾಹಿನಿಗಳ ಮೂಲಕ ಮಾಹಿತಿ ಹರಿದು ವೇಗ ಸ್ವಲ್ಪ ಹೆಚ್ಚುತ್ತದೆ.

ಸಂಸ್ಕಾರಕ ಮತ್ತು ಮದರ್‌ಬೋರ್ಡ್

ಸಂಸ್ಕಾರಕವು ಮದರ್‌ಬೋರ್ಡ್‌ನ ಸಾಕೆಟ್‌ಗೆ ಹೊಂದಬೇಕು. ಇಂಟೆಲ್‌ನ ಎಲ್‌ಜಿಎ 775, 1156, 1155, 1150 ಮತ್ತು 1151 ಸಾಕೆಟ್‌ಗಳು ಬೇರೆ ಬೇರೆ. ಸಾಕೆಟ್ ಹೊಂದಿದ ಮಾತ್ರಕ್ಕೆ ಸಂಸ್ಕಾರಕ ನಡೆಯುತ್ತದೆ ಎಂದೂ ಹೇಳಲಾಗದು. ಎಲ್‌ಜಿಎ 1151 ಸಾಕೆಟ್‌ನ 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳು 6 ಮತ್ತು 7ನೇ ತಲೆಮಾರಿನ ಸಂಸ್ಕಾರಕಗಳಿಗೆ ಮೀಸಲು. 8 ಮತ್ತು 9ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ ಅಗತ್ಯ.

ಉದಾಹರಣೆಗೆ, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡು ಕೋರ್‌ಗಳ ಐ3-2100 ಸಂಸ್ಕಾರಕ, 2 ಗಿಗಾಬೈಟ್ ಡಿಡಿಆರ್3 ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಪರಿಗಣಿಸಬಹುದು. ಇದಕ್ಕೆ ಸಾಟಾ ಎಸ್‌ಎಸ್‌ಡಿ ಮತ್ತು 8 ಗಿಗಾಬೈಟ್ ರ‍್ಯಾಮ್ ಅಳವಡಿಸಿದರೆ ಕಚೇರಿ ಬರವಣಿಗೆ, ಅಂತರಜಾಲ ವೀಕ್ಷಣೆ, ಪಾಠದ ವಿಡಿಯೊಗಳಿಗೆ ಸಾಕಾಗುತ್ತದೆ. ಇನ್ನೂ ಬೇಕಿದ್ದರೆ ಅದೇ ಸಾಕೆಟ್‌ನ ನಾಲ್ಕು ಕೋರ್‌ಗಳ ಐ5-3470ರಂತಹ ಬಳಸಿದ ಸಂಸ್ಕಾರಕವನ್ನು ಹಾಕಬಹುದು. ಅದಕ್ಕೆ ಮುನ್ನ ಬಯೋಸ್ ನವೀಕರಣ ಬೇಕಾಗಬಹುದು. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಮದರ್‌ಬೋರ್ಡ್, ಸಂಸ್ಕಾರಕ, ರ‍್ಯಾಮ್ ಮೂರನ್ನೂ ಬದಲಿಸಬೇಕು. ಅದು ಬಹುಪಾಲು ಹೊಸ ಗಣಕವನ್ನು ಕೊಂಡಂತೆಯೇ ಸರಿ.

ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಂಪಿಎಸ್

ಸಾಮಾನ್ಯ ಕಚೇರಿ ಮತ್ತು ಶಾಲಾ ಕೆಲಸಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅಗತ್ಯವಿಲ್ಲ. ಅಳವಡಿಸುವುದಾದರೆ ಪೆಟ್ಟಿಗೆಯಲ್ಲಿ ಸ್ಥಳ ಮತ್ತು ವಿದ್ಯುತ್ ಎರಡನ್ನೂ ನೋಡಬೇಕು. ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಯು ಗರಿಷ್ಠ 75 ವ್ಯಾಟ್ ಒದಗಿಸುತ್ತದೆ. ಹೆಚ್ಚು ಬೇಡುವ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕವಾದ 6 ಅಥವಾ 8 ಪಿನ್‌ಗಳ ತಂತಿ ಬೇಕು. ಎಸ್‌ಎಂಪಿಎಸ್‌ನ ಮೇಲಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ತೆಗೆದ ನಂತರವೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಧೂಳು, ಉಷ್ಣ ಮತ್ತು ವಿದ್ಯುತ್

ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯ ಒಣ ಪ್ರದೇಶಗಳು. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದ ಬಿಸಿಲಿನ ಸಮೃದ್ಧಿಗೆ ಅಲ್ಲಿ ಸ್ಥಾಪನೆಯಾದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವೇ ಸಾಕ್ಷಿ. ಬಿಸಿಲು ಮತ್ತು ಧೂಳು ಗಣಕಯಂತ್ರಕ್ಕೆ ಅನುಕೂಲಕರವಲ್ಲ. ಸಂಸ್ಕಾರಕದ ಮೇಲಿನ ಶಾಖನಿವಾರಕದ ರೆಕ್ಕೆಗಳ ನಡುವೆ ಧೂಳು ತುಂಬಿದಾಗ ಶಾಖ ಹೊರಹೋಗದೆ, ಸಂಸ್ಕಾರಕವು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಯಂತ್ರ ಹಳೆಯದಾಯಿತೆಂದು ಭಾವಿಸಿದ ನಿಧಾನಗತಿಯು ಕೆಲವೊಮ್ಮೆ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದಾಗ ನಿವಾರಣೆಯಾಗುತ್ತದೆ. ಮೆತ್ತನೆಯ ಕುಂಚ ಅಥವಾ ಗಾಳಿಯೂದುವ ಯಂತ್ರದಿಂದ ಧೂಳು ತೆಗೆಯಬಹುದು. ಆಗ ಫ್ಯಾನ್ ಅತಿವೇಗದಲ್ಲಿ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಒದ್ದೆ ಬಟ್ಟೆ ಬಳಸಬಾರದು.

ಮನೆ ಮತ್ತು ಕಚೇರಿಗಳಿಗೆ ಬರುವ ವಿದ್ಯುತ್ತಿನ ಮಾನಕ 230 ವೋಲ್ಟ್. ಗ್ರಾಮೀಣ ಮಾರ್ಗಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ನಡೆಯುವಾಗ ವೋಲ್ಟೇಜ್ ಕುಸಿಯುವುದೂ, ವಿದ್ಯುತ್ ಮರಳಿದಾಗ ಒಮ್ಮೆಗೇ ಏರುವುದೂ ಉಂಟು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳು ಕೆಡಬಹುದು. ಆದ್ದರಿಂದ ಸರಿಯಾದ ಅರ್ಥಿಂಗ್ ಮತ್ತು ಸುಸ್ಥಿತಿಯ ಬ್ಯಾಟರಿಯುಳ್ಳ ಯುಪಿಎಸ್ ಇಲ್ಲದೆ ಹೊಸ ಭಾಗಗಳಿಗೆ ಹಣ ಹಾಕುವುದು ಸೂಕ್ತವಲ್ಲ.

ಕಾರ್ಯಾಚರಣೆ ವ್ಯವಸ್ಥೆ

ಭದ್ರತಾ ಪರಿಷ್ಕರಣೆಗಳು ನಿಂತ ಕಾರ್ಯಾಚರಣೆ ವ್ಯವಸ್ಥೆಯನ್ನು ಅಂತರಜಾಲಕ್ಕೆ ಜೋಡಿಸುವುದು ಅಪಾಯಕರ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮತ್ತು ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ರ‍್ಯಾಮ್, 64 ಗಿಗಾಬೈಟ್ ಸಂಗ್ರಹ, ಯುಇಎಫ್‌ಐ, ಟಿಪಿಎಂ 2.0 ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಸಂಸ್ಕಾರಕ ಅಗತ್ಯ. ಇಂಟೆಲ್ ಕೋರ್ ಸರಣಿಯಲ್ಲಿ ಆ ಪಟ್ಟಿಯು ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಆರಂಭವಾಗುತ್ತದೆ. ಮೇಲಿನ ಉದಾಹರಣೆಯ ಎಚ್61 ಯಂತ್ರಕ್ಕೆ ಎಷ್ಟೇ ರ‍್ಯಾಮ್ ಹಾಕಿದರೂ ಈ ನಿಯಮವನ್ನು ಪೂರೈಸಲಾಗದು.

ಇಂತಹ ಯಂತ್ರಗಳಿಗೆ ಮುಕ್ತ ತಂತ್ರಾಂಶವಾದ ಗ್ನೂ/ಲಿನಕ್ಸ್ ಒಂದು ಪರ್ಯಾಯ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಲುಬುಂಟು ಮೊದಲಾದವು ಕಡಿಮೆ ಸಾಮರ್ಥ್ಯದಲ್ಲಿಯೂ ನಡೆಯುತ್ತವೆ. ಪೆನ್‌ಡ್ರೈವ್‌ನಿಂದಲೇ ಇವುಗಳನ್ನು ನಡೆಸಿ, ಮುದ್ರಕ ಮತ್ತು ಸ್ಕ್ಯಾನರ್‌ಗಳು ಹೊಂದುತ್ತವೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರ ನೆರವಿನಿಂದ ನಡೆದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿ ಕೊಳೆಗೇರಿಯ ಮಕ್ಕಳು ದಾನವಾಗಿ ಬಂದ ಹಳೆಯ ಗಣಕಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಸಿ ಕಲಿತರು.

ಕನ್ನಡ ಕಡತಗಳ ರಕ್ಷಣೆ

ಕನ್ನಡ ಬಳಕೆದಾರರಿಗೆ ಉನ್ನತೀಕರಣದಲ್ಲಿ ಎದುರಾಗುವ ವಿಶೇಷ ಸಮಸ್ಯೆ ಹಳೆಯ ಕಡತಗಳದ್ದು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳ ಆರಂಭಿಕ ಆವೃತ್ತಿಗಳಲ್ಲಿ ಅಕ್ಷರಗಳು ಯೂನಿಕೋಡ್‌ನಲ್ಲಿ ಸಂಗ್ರಹವಾಗುತ್ತಿರಲಿಲ್ಲ. ರೋಮನ್ ಲಿಪಿಯ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ ಫಾಂಟ್‌ಗಳ ಮೂಲಕ ಅವು ಕನ್ನಡವಾಗಿ ಕಾಣುತ್ತಿದ್ದವು. ಆ ಫಾಂಟ್ ಇಲ್ಲದ ಹೊಸ ವ್ಯವಸ್ಥೆಯಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಷ್ಟೇ ಕಾಣುತ್ತವೆ. ಕನ್ನಡ ಪದ ಟೈಪಿಸಿ ಹುಡುಕಿದರೂ ಸಿಗುವುದಿಲ್ಲ.

ಶಾಲೆಯ ದಾಖಲಾತಿ ಪಟ್ಟಿ, ಸಹಕಾರ ಸಂಘದ ನಡಾವಳಿ, ಗ್ರಾಮದ ಇತಿಹಾಸದ ಟಿಪ್ಪಣಿಗಳಂತಹ ಬರಹಗಳು ಹೀಗೆ ಓದಲಾಗದೆ ಉಳಿಯುವ ಅಪಾಯವಿದೆ. ಆದ್ದರಿಂದ ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನ ಕಡತಗಳ ಜೊತೆಗೆ ಫಾಂಟ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಬೇಕು. ನಂತರ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳು ತಪ್ಪಾಗುವ ಸಂಭವವಿರುವುದರಿಂದ ವ್ಯಕ್ತಿಗಳ ಹೆಸರು ಹಾಗೂ ದಿನಾಂಕಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ಅಳವಡಿಸುವ ಕ್ರಮ

1. ಕಡತಗಳ ಪ್ರತಿಯನ್ನು ಹೊರಗಿನ ಸಾಧನವೊಂದಕ್ಕೆ ನಕಲಿಸಿ, ಬೇರೊಂದು ಗಣಕದಲ್ಲಿ ತೆರೆದು ಪರೀಕ್ಷಿಸಬೇಕು.
2. ಯಂತ್ರವನ್ನು ಆರಿಸಿ, ಪ್ಲಗ್ ತೆಗೆದು, ಚಾಲನೆಯ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು.
3. ದೇಹದ ಸ್ಥಿರ ವಿದ್ಯುತ್ತು ಬಿಡಿಭಾಗಗಳಿಗೆ ತಗಲದಂತೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು.
4. ತಂತಿಗಳ ಸ್ಥಾನವನ್ನು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು.
5. ಒಮ್ಮೆಗೆ ಒಂದೇ ಭಾಗವನ್ನು ಬದಲಿಸಿ ಯಂತ್ರವನ್ನು ನಡೆಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿದೆ ಎಂದು ತಿಳಿಯುವುದು ಕಷ್ಟ.
6. ಹಳೆಯ ಹಾರ್ಡ್ ಡಿಸ್ಕ್ ಅನ್ನು ಕೆಲವು ವಾರಗಳವರೆಗೆ ಅಳಿಸದೆ ಇಟ್ಟಿರಬೇಕು.

ಶಾಲೆ ಮತ್ತು ಕಚೇರಿಗಳ ಯಂತ್ರಗಳು ದಾಸ್ತಾನು ವಹಿಯಲ್ಲಿ ದಾಖಲಾದ ಸ್ವತ್ತುಗಳು. ಅವುಗಳ ಭಾಗಗಳನ್ನು ಬದಲಿಸುವ ಮುನ್ನ ಸಂಬಂಧಿಸಿದವರ ಅನುಮತಿ ಪಡೆದು, ತೆಗೆದ ಮತ್ತು ಹಾಕಿದ ಭಾಗಗಳನ್ನು ವಹಿಯಲ್ಲಿ ನಮೂದಿಸುವುದು ಅಗತ್ಯ.

ವಿದ್ಯುನ್ಮಾನ ತ್ಯಾಜ್ಯ

ಉನ್ನತೀಕರಣದಿಂದ ಪೆಟ್ಟಿಗೆ, ಮಾನಿಟರ್, ಕೀಲಿಮಣೆ ಮೊದಲಾದವು ಬಳಕೆಯಲ್ಲಿಯೇ ಉಳಿದು ತ್ಯಾಜ್ಯ ಕಡಿಮೆಯಾಗುತ್ತದೆ. ಉಳಿದ ಭಾಗಗಳಲ್ಲಿ ಸೀಸದಂತಹ ವಿಷಕಾರಿ ಲೋಹಗಳಿರಬಹುದಾದ್ದರಿಂದ ಅವುಗಳನ್ನು ಸುಡುವುದಾಗಲಿ, ತಿಪ್ಪೆಗೆ ಎಸೆಯುವುದಾಗಲಿ ಸಲ್ಲದು. ಭಾರತದಲ್ಲಿ ವಿದ್ಯುನ್ಮಾನ ತ್ಯಾಜ್ಯದ ಪ್ರತ್ಯೇಕ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. 2022ರ ಪರಿಷ್ಕೃತ ನಿಯಮಗಳು 2023ರ ಏಪ್ರಿಲ್ 1ರಿಂದ ಅನ್ವಯವಾಗುತ್ತವೆ. ದೇಶದ ಮೊದಲ ಅಧಿಕೃತ ಮರುಬಳಕೆ ಘಟಕಗಳಲ್ಲೊಂದಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ. ಹಾರ್ಡ್ ಡಿಸ್ಕ್‌ಗಳನ್ನು ವಿಲೇವಾರಿ ಮಾಡುವ ಮುನ್ನ ಅವುಗಳಲ್ಲಿನ ಮಾಹಿತಿಯನ್ನು ಸೂಕ್ತ ತಂತ್ರಾಂಶದಿಂದ ಪೂರ್ತಿಯಾಗಿ ಅಳಿಸಬೇಕು. ಕಡತವನ್ನು ಕಸದ ಬುಟ್ಟಿಯ ಚಿಹ್ನೆಗೆ ಹಾಕುವುದರಿಂದ ಅದು ಡಿಸ್ಕ್‌ನಿಂದ ಅಳಿದುಹೋಗುವುದಿಲ್ಲ.