ಅಂಗಳದ ಮಣ್ಣು, ಮಗುವಿನ ಕಣ್ಣು

ಭಾನುವಾರದ ಬಲಿಪೂಜೆ ಮುಗಿದೊಡನೆ ಮಕ್ಕಳು ದೇವಾಲಯದ ಅಂಗಳಕ್ಕೆ ಓಡುತ್ತಾರೆ. ಮರಳಿನಲ್ಲಿ ಗೂಡು ಕಟ್ಟುತ್ತಾರೆ, ಮಣ್ಣಿನಲ್ಲಿ ಹೊರಳುತ್ತಾರೆ. ನೋಡುವ ನಮಗೂ ಸಂತೋಷ. ಆದರೆ ರಾತ್ರಿ ಅದೇ ಅಂಗಳಕ್ಕೆ ನಾಯಿ, ಬೆಕ್ಕುಗಳೂ ಬಂದುಹೋಗುತ್ತವೆ ಎಂಬುದನ್ನು ನಾವು ಮರೆಯುತ್ತೇವೆ.

ನಾಯಿ, ಬೆಕ್ಕುಗಳ ಕರುಳಿನಲ್ಲಿ ಟಾಕ್ಸೊಕಾರ ಎಂಬ ಜಂತುಹುಳು ಇರುವುದುಂಟು. ನಾಯಿಮರಿಗಳಿಗೆ ಅದು ತಾಯಿಯ ಗರ್ಭದಲ್ಲೇ ತಗಲುತ್ತದೆ. ಮಲದೊಡನೆ ಹೊರಬಿದ್ದ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರ ಬಲಿತು, ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮಣ್ಣಾದ ಕೈಯನ್ನು ಮಗು ಬಾಯಿಗಿಟ್ಟಾಗ ಅವು ಹೊಟ್ಟೆ ಸೇರುತ್ತವೆ. ಅಲ್ಲಿ ಮರಿಹುಳು ಹೊರಬಂದು ರಕ್ತದೊಡನೆ ದೇಹವನ್ನು ಸುತ್ತುತ್ತದೆ. ಅಪರೂಪಕ್ಕೆ ಒಂದು ಮರಿ ಕಣ್ಣಿನೊಳಗೆ ಸೇರಿ, ಹಿಂಬದಿಯ ಅಕ್ಷಿಪಟಲದಲ್ಲಿ ಊತವನ್ನೂ ಗಾಯದ ಕಲೆಯನ್ನೂ ಉಂಟುಮಾಡುತ್ತದೆ.

ರೋಗ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ. ಹೆಚ್ಚಾಗಿ ನೋವಿಲ್ಲ, ಕೆಂಪಿಲ್ಲ. ಇನ್ನೊಂದು ಕಣ್ಣಿನಿಂದ ಮಗು ಓದುತ್ತದೆ, ಆಡುತ್ತದೆ. ತನಗೆ ಒಂದು ಕಡೆ ಮಬ್ಬೆಂದು ಹೇಳಲು ಅದಕ್ಕೆ ತಿಳಿಯದು. ಮೆಳ್ಳಗಣ್ಣು ಕಂಡಾಗ, ಇಲ್ಲವೆ ಪಾಪೆಯಲ್ಲಿ ಬಿಳುಪು ಹೊಳೆದಾಗಲಷ್ಟೇ ಮನೆಯವರಿಗೆ ಗಾಬರಿ.

ಮಕ್ಕಳ ಕಣ್ಣಿನ ಕ್ಯಾನ್ಸರಿನಲ್ಲೂ ಇದೇ ಬಿಳುಪು ಕಾಣುತ್ತದೆ. 1950ರಲ್ಲಿ ಅಮೆರಿಕದ ಹೆಲೆನಾರ್ ವೈಲ್ಡರ್ ಎಂಬಾಕೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 46 ಕಣ್ಣುಗಳನ್ನು ಪರೀಕ್ಷಿಸಿ, 24ರಲ್ಲಿ ಹುಳುವಿನ ಕುರುಹು ಕಂಡರು. ಕ್ಯಾನ್ಸರೆಂದು ಶಂಕಿಸಿ ತೆಗೆದ ಕಣ್ಣುಗಳೂ ಅವುಗಳಲ್ಲಿದ್ದವು. ಇಂದು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇವೆ. ಊತ ಇಳಿಸುವ ಔಷಧವೂ ಇದೆ. ಆದರೆ ಕಲೆಗಟ್ಟಿ ಹೋದ ದೃಷ್ಟಿ ಮರಳುವುದು ಕಷ್ಟ.

ಆದುದರಿಂದ ತಾಯ್ತಂದೆಯರೇ, ಇಂದೇ ಮಗುವಿನ ಒಂದೊಂದೇ ಕಣ್ಣನ್ನು ಮುಚ್ಚಿ, ಗೋಡೆಯ ಕ್ಯಾಲೆಂಡರ್ ಕಾಣುತ್ತದೆಯೇ ಎಂದು ಕೇಳಿ ನೋಡಿ. ಸಂಶಯ ಬಂದರೆ, ಬಿಳುಪು ಕಂಡರೆ, ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಸಿ, ಉಗುರು ಕತ್ತರಿಸಿ. ಮರಳರಾಶಿಗೆ ಟಾರ್ಪಾಲು ಹೊದಿಸಿ. ನಾಯಿಮರಿಗೆ ಎರಡು ವಾರವಾದಾಗಿನಿಂದಲೇ ಪಶುವೈದ್ಯರನ್ನು ಕೇಳಿ ಜಂತುಹುಳುವಿನ ಔಷಧ ಕೊಡಿಸಿ. ನಾಯಿಯನ್ನು ಮನೆಯಿಂದ ಅಟ್ಟಬೇಕಾಗಿಲ್ಲ. ಅದರ ಹೇಲನ್ನು ಆಗಿಂದಾಗ್ಗೆ ತೆಗೆದರೆ ಸಾಕು.

ಡಿಸೆಂಬರ್ 13ರಂದು ನಾವು ಕಣ್ಣುಗಳ ಪಾಲಕಿ ಸಂತ ಲೂಸಿಯಳನ್ನು ಸ್ಮರಿಸುತ್ತೇವೆ. ಆಕೆಗೆ ಮೊಂಬತ್ತಿ ಹಚ್ಚೋಣ, ಹರಕೆಯನ್ನೂ ಹೊರೋಣ. ಆದರೆ ಹರಕೆ ಹೊತ್ತೆವೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಬೇಡ. ಕುರುಡರ ಕೂಗಿಗೆ ನಿಂತು ಕಿವಿಗೊಟ್ಟ ಪ್ರಭು, ಕೂಗಲೂ ತಿಳಿಯದ ಈ ಎಳೆಯರನ್ನು ನಮ್ಮ ಕೈಗೆ ಒಪ್ಪಿಸಿದ್ದಾರೆ.