ತಲೆಗೆ ಎರೆಯುವ ಮುನ್ನ ನೀರು ನೋಡಿ

ಲಕ್ಷ್ಮೇಶ್ವರ ಸೀಮೆಯ ಯಳವತ್ತಿ ಕಡೆ ಬೋರಿನ ನೀರು ಕಾಯಿಸುವ ಹಂಡೆಯೊಳಗೆ ಕೈಯಾಡಿಸಿ ನೋಡಿ, ಒರಟಾದ ಬಿಳಿ ಪದರವೊಂದು ಬೆರಳಿಗೆ ಸಿಗುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ನೆಲದಾಳದ ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕಾಯಿಸಿದಾಗ ಅದರಲ್ಲಿ ಒಂದಿಷ್ಟು ಹಂಡೆಗೆ ಅಂಟುತ್ತದೆ, ಉಳಿದದ್ದು ಚೊಂಬಿನೊಂದಿಗೆ ನಮ್ಮ ತಲೆಗೆ ಬೀಳುತ್ತದೆ.

ಈ ಲವಣಗಳಿಂದ ಬರುವ ಗುಣವೇ ಗಡಸುತನ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಈ ಮಿತಿ ಕುಡಿಯುವ ನೀರಿನದು, ಬಚ್ಚಲಿನ ನೀರಿನದಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಣಸೀಮೆಯಲ್ಲಿ ಕೂದಲ ಆರೈಕೆಯ ಮಾತು ಶುರುವಾಗಬೇಕಾದದ್ದು ಈ ನೀರಿನಿಂದ. ‘ನನ್ನ ಕೂದಲಿಗೆ ಯಾವ ನೈಸರ್ಗಿಕ ಪುಡಿ ಒಳ್ಳೆಯದು?’ ಎಂದು ಕೇಳುವವರು ಮೊದಲು ನೀರು, ಆಮೇಲೆ ನೆತ್ತಿಯ ಚರ್ಮ, ಕೊನೆಗೆ ಕೂದಲು ನೋಡಬೇಕು. ನಾವು ಮಾಡುವುದು ಬಹುತೇಕ ಇದರ ತಿರುವುಮುರುವು.

ನೀರಿನ ಗುಣ ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮೂರು ಪಾರದರ್ಶಕ ಬಾಟಲಿ ಸಾಕು. ಒಂದರಲ್ಲಿ ಅರ್ಧ ಮಳೆನೀರು, ಉಳಿದೆರಡರಲ್ಲಿ ಅರ್ಧ ಬೋರಿನ ನೀರು ತುಂಬಿ. ಮಳೆನೀರಿಗೂ ಬೋರಿನ ನೀರಿನ ಒಂದು ಬಾಟಲಿಗೂ ಮೈಸಾಬೂನಿನ ತುರಿಯನ್ನು ಒಂದೇ ಅಳತೆಯಲ್ಲಿ ಹಾಕಿ ಜೋರಾಗಿ ಕುಲುಕಿ. ಮಳೆನೀರಿನ ಬಾಟಲಿಯಲ್ಲಿ ನೊರೆ ಬಾಯಿವರೆಗೂ ಏರುತ್ತದೆ. ಗಡಸು ನೀರಿನಲ್ಲಿ ನೊರೆ ಏಳಲು ಒದ್ದಾಡುತ್ತದೆ, ನೀರು ಕದಡಿ ಬಿಳಿ ಗಸಿಯೊಂದು ತೇಲುತ್ತದೆ. ಕ್ಯಾಲ್ಸಿಯಂ ಸಾಬೂನನ್ನು ಹಿಡಿದು, ನೀರಿನಲ್ಲಿ ಕರಗದ ವಸ್ತುವಾಗಿ ಮಾಡಿದೆ. ತಲೆ ಎರಕೊಂಡ ಮೇಲೂ ಕೂದಲು ಜಿಗುಟಾಗಿ, ಬಾಚಣಿಕೆಗೆ ಬಿಳಿ ಮೇಣ ಹತ್ತುವುದು ಇದೇ ಗಸಿಯಿಂದ.

ಮೂರನೆಯ ಬಾಟಲಿಗೆ ರಾತ್ರಿ ನೆನೆಸಿಟ್ಟ ಅಂಟುವಾಳದ ನೀರು ಹಾಕಿ ಕುಲುಕಿ. ಬೋರಿನ ನೀರಿನಲ್ಲೂ ನೊರೆ ಬರುತ್ತದೆ, ಗಸಿ ಕಟ್ಟುವುದಿಲ್ಲ. ಅಂಟುವಾಳ, ಸೀಗೆಕಾಯಿ ಎರಡರಲ್ಲೂ ಕೆಲಸ ಮಾಡುವ ವಸ್ತು ಸಪೋನಿನ್. ಅದರ ಅಣುವಿನ ಒಂದು ತುದಿಯಲ್ಲಿ ಸಕ್ಕರೆಯ ಸರಪಳಿ ಇದ್ದು ಅದು ನೀರಿಗೆ ಒಲಿಯುತ್ತದೆ. ಇನ್ನೊಂದು ತುದಿ ಜಿಡ್ಡಿಗೆ ಒಲಿಯುತ್ತದೆ. ನಡುವೆ ನಿಂತು ಜಿಡ್ಡನ್ನು ನೀರಿಗೆ ದಾಟಿಸುವುದು ಅದರ ಕಸುಬು. ಕ್ಯಾಲ್ಸಿಯಂ ಕಂಡರೆ ಸಾಬೂನಿನ ಹಾಗೆ ಅದು ಸೋಲುವುದಿಲ್ಲ. ಮಲೆನಾಡಿನ ಕಾಡಿನಲ್ಲಿ ಹಬ್ಬುವ ಮುಳ್ಳುಬಳ್ಳಿಯಾದ ಸೀಗೆಯ ಕಾಯಿ ಬಯಲುಸೀಮೆಯ ಸಂತೆಗೂ ಬಂದು ಬಚ್ಚಲಿನಲ್ಲಿ ನೆಲೆ ಕಂಡಿದ್ದರ ಹಿಂದೆ ಈ ರಸಾಯನಶಾಸ್ತ್ರದ ಪಾಲೂ ಇದ್ದೀತು.

ಎರಡನೆಯ ಲಾಭ ಹುಳಿಯದು. ಸಾಬೂನಿನ ನೀರು ಕ್ಷಾರೀಯ, ಪಿಎಚ್ 9ರಿಂದ 10. ಸೀಗೆಕಾಯಿ, ಅಂಟುವಾಳದ ನೀರು ತುಸು ಆಮ್ಲೀಯ, ನೆತ್ತಿಯ ಚರ್ಮದಂತೆ. ಕೂದಲಿನ ಹೊರಮೈಯಲ್ಲಿ ಕೆರಾಟಿನ್‌ನ ತೆಳು ಪೊರೆಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ, ಎಲ್ಲವೂ ತುದಿಯ ಕಡೆ ಮುಖ ಮಾಡಿ. ಕ್ಷಾರ ತಗುಲಿದರೆ ಕೂದಲು ಉಬ್ಬುತ್ತದೆ, ಪೊರೆಗಳು ಮೇಲೇಳುತ್ತವೆ, ಎಳೆಗೆ ಎಳೆ ಸಿಕ್ಕಿ ಸಿಕ್ಕಾಗುತ್ತದೆ. ಕ್ಯಾಲ್ಸಿಯಂ ಬಂದು ಕೂರುವುದಕ್ಕೂ ಆಗ ಹೆಚ್ಚು ಜಾಗ. ಅಡುಗೆ ಸೋಡಾ ಕಲಸಿ ತಲೆಗೆ ಹಚ್ಚುವುದು ಈ ಲೆಕ್ಕದಲ್ಲಿ ಒಳ್ಳೆಯದಲ್ಲ, ಸೋಡಾ ಎಷ್ಟೇ ‘ಮನೆಮದ್ದು’ ಆಗಿರಲಿ.

ಇನ್ನು ನೆತ್ತಿ. ತೊಳೆಯುವ ಪುಡಿ ಯಾವುದು ಎಂದು ತೀರ್ಮಾನಿಸಬೇಕಾದದ್ದು ನೆತ್ತಿಯೇ, ಏಕೆಂದರೆ ಜಿಡ್ಡು ಹುಟ್ಟುವುದು ಅಲ್ಲಿ. ಎರಕೊಂಡ ಮರುದಿನವೇ ಬುಡ ಜಿಡ್ಡಾಗುವವರಿಗೆ ಅಂಟುವಾಳ ಹೆಚ್ಚು, ಸೀಗೆ ಕಡಿಮೆ ಹಾಕಿದ ಮಿಶ್ರಣ ಒಗ್ಗುತ್ತದೆ; ಎಣ್ಣೆ ಹೆಚ್ಚಾಗಿದ್ದರೆ ಕಡ್ಲಿಹಿಟ್ಟು ಅದನ್ನು ಹೀರಿಕೊಂಡು ಇಳಿಯುತ್ತದೆ. ನಾಲ್ಕೈದು ದಿನವಾದರೂ ನೆತ್ತಿ ಒಣಗಿಯೇ ಇರುವವರಿಗೆ ಸೀಗೆಯೇ ಮುಖ್ಯವಾಗಲಿ, ಅಂಟುವಾಳ ಚಿಟಿಕೆಯಷ್ಟು. ಹೊಟ್ಟು ಏಳುವವರು ‘ನೆತ್ತಿ ಒಣಗಿದೆ’ ಎಂದು ಇನ್ನಷ್ಟು ಎಣ್ಣೆ ತಿಕ್ಕುವುದುಂಟು. ಹೊಟ್ಟಿನ ಹಿಂದೆ ಸಾಮಾನ್ಯವಾಗಿ ಇರುವುದು ಮಲಸೇಝಿಯ ಎಂಬ ಶಿಲೀಂಧ್ರ. ನೆತ್ತಿಯ ಜಿಡ್ಡೇ ಅದರ ಊಟ. ಎಣ್ಣೆ ಸುರಿದರೆ ಅದಕ್ಕೆ ಹಬ್ಬ. ಯಾವ ಪುಡಿಯೇ ಆಗಲಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಸಪೋನಿನ್ ಕಣ್ಣನ್ನು ಸುಡುವಷ್ಟು ಉರಿಸುತ್ತದೆ.

ಕೂದಲಿನ ಸರದಿ ಈಗ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅರವತ್ತು ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಹಾಗಾದರೆ ಐದು ವರ್ಷ. ಐದು ಬೇಸಿಗೆಯ ಬಿಸಿಲು, ಸಾವಿರಾರು ಬಾಚಣಿಕೆ ಏಟು ತಿಂದ ತುದಿಗೂ ನಿನ್ನೆ ಹುಟ್ಟಿದ ಬುಡಕ್ಕೂ ಒಂದೇ ಮದ್ದು ಹೇಗೆ ಸಾಲುತ್ತದೆ? ತೊಳೆಯುವ ಪುಡಿ ಬುಡಕ್ಕೆ, ಎಣ್ಣೆ ಮತ್ತು ಲೋಳೆ ತುದಿಗೆ ಎಂಬುದು ಸರಳ ನಿಯಮ.

ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸರಾಗವಾಗಿ ಕೆಳಗಿಳಿಯುತ್ತದೆ. ನೇರವೂ ತೆಳುವೂ ಆಗಿದ್ದರೆ ತುದಿಗೆ ನಾಲ್ಕು ಹನಿ ಎಣ್ಣೆ ಸಾಕು, ಹೆಚ್ಚಾದರೆ ಕೂದಲು ನೆತ್ತಿಗೆ ಅಂಟಿ ಕೂರುತ್ತದೆ. ಗುಂಗುರು ಕೂದಲಿನ ತಿರುವುಗಳಲ್ಲಿ ಆ ಜಿಡ್ಡು ಇಳಿಯಲಾರದು, ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಇಂಥವರು ಸೀಗೆಪುಡಿಯ ಜೊತೆ ನೆನೆಸಿ ರುಬ್ಬಿದ ಮೆಂತೆ, ದಾಸವಾಳದ ಎಲೆಯ ಲೋಳೆ ಸೇರಿಸಲಿ. ಆ ಲೋಳೆ ಎಳೆಯ ಮೇಲೆ ತೆಳು ಪದರವಾಗಿ ಕೂತು ಜಾರಿಕೆ ಕೊಡುತ್ತದೆ, ಸಿಕ್ಕು ಬಿಡಿಸುವಾಗ ಕೂದಲು ಕಡಿಯುವುದು ತಗ್ಗುತ್ತದೆ. ಬಣ್ಣ ಹಾಕಿದ, ಇಲ್ಲವೇ ಹೊಲದ ಬಿಸಿಲಿನಲ್ಲಿ ಕೆಂಚಾದ ಕೂದಲಿನ ಮೇಲ್ಪೊರೆ ಸವೆದಿರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಅತಿ ಹೆಚ್ಚು ಹಿಡಿಯುವುದು ಅದೇ.

ಎಣ್ಣೆಗಳಲ್ಲೂ ವ್ಯತ್ಯಾಸವಿದೆ. ರೆಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ ನೋಡಿದರು. ಕೂದಲಿನಿಂದ ಪ್ರೊಟೀನ್ ಸೋರುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಎಳೆಯೊಳಗೆ ನುಸುಳಬಲ್ಲದು. ನಮ್ಮ ಎರೆಹೊಲದ ಕುಸುಬಿ ಎಣ್ಣೆಯ ರಚನೆ ಸೂರ್ಯಕಾಂತಿಯದಕ್ಕೆ ಹತ್ತಿರ. ಅದು ಹೊರಗೆ ನಿಂತು ಹೊಳಪು ಕೊಡುತ್ತದೆ. ಹಾಗಾಗಿ ಎರಕೊಳ್ಳುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ಒಣಗಿದ ಮೇಲೆ ಅಂಗೈಗೆ ಸವರಿದಷ್ಟು ಕುಸುಬಿ ಎಣ್ಣೆ ಎಂದು ಹಂಚಿಕೊಳ್ಳಬಹುದು.

ನೀರನ್ನೂ ಒಂದಿಷ್ಟು ಪಳಗಿಸಬಹುದು. ಕುದಿಸಿ, ತಣಿಯಲು ಬಿಟ್ಟು, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿ ಕೊನೆಯ ಎರಡು ಚೊಂಬಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಚಾವಣಿಯ ನೀರು ಹಿಡಿದರೆ ಅದಕ್ಕಿಂತ ಮೆದುವಾದದ್ದಿಲ್ಲ. ಒಂದು ಚೊಂಬು ನೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ ಎರೆದರೆ ಗಸಿ ಸಡಿಲಾಗುತ್ತದೆ. ಆಮೇಲೆ ಬರೀ ನೀರಿನಿಂದ ತೊಳೆಯಲೇಬೇಕು: ನಿಂಬೆರಸ ಚರ್ಮದ ಮೇಲೆ ಉಳಿದು ಬಿಸಿಲು ಬಿದ್ದರೆ ಸುಟ್ಟ ಕಲೆಯಾದೀತು.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮುಂದಿನ ಎಲೆಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. ಪ್ರಮಾಣ ಹೆಚ್ಚಿರುವ ವಸ್ತು ಮೊದಲು ಬರುತ್ತದೆ. ‘ಸೀಗೆ ಸಾಬೂನು’ ಎಂದಿದ್ದು ಪಟ್ಟಿಯ ಮೊದಲ ಹೆಸರು ಸೋಡಿಯಂ ಪಾಮೇಟ್ ಆಗಿದ್ದರೆ ಅದು ಸಾಬೂನೇ, ಬೋರಿನ ನೀರಿನಲ್ಲಿ ಗಸಿ ಕಟ್ಟುತ್ತದೆ. ‘ಕಪ್ಪು ಮೆಹಂದಿ’ಯಲ್ಲಿ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇದೆಯೇ ನೋಡಿ. ಮದರಂಗಿ ತಾನಾಗಿ ಕೆಂಪು ಬಣ್ಣವನ್ನೇ ಕೊಡುವುದು. ಅರ್ಧ ಗಂಟೆಯಲ್ಲಿ ಕಡುಗಪ್ಪಾದರೆ ಅದರೊಳಗೆ ಬೇರೇನೋ ಬೆರೆತಿದೆ, ಪಿಪಿಡಿಯಾದರೆ ಅದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಿಂಗಳೊಪ್ಪತ್ತು ನೋಡಿ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಜ್ವರವೋ ಹೆರಿಗೆಯೋ ಆಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರಿದರೆ, ಅಥವಾ ಉದುರುವುದು ನಿಲ್ಲದೇ ಇದ್ದರೆ ಅದು ನೀರಿನದೂ ಅಲ್ಲ, ಪುಡಿಯದೂ ಅಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆಯನ್ನು ಯಾವ ಸೀಗೆಕಾಯಿಯೂ ತೊಳೆಯಲಾರದು. ಹೊಸ ಪೊಟ್ಟಣಕ್ಕೆ ದುಡ್ಡು ಹಾಕುವ ಬದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.