ಹೆಗಲೇರುವ ಸೈಕಲ್

ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯಲ್ಲಿ ಅಕ್ಟೋಬರ್ ಬಂತೆಂದರೆ ಮಳೆ, ಚಳಿ, ಕೆಸರು. ಜೊತೆಗೇ ಸೈಕ್ಲೋಕ್ರಾಸ್ ಓಟಗಳು. ಹುಲ್ಲುಗಾವಲು, ಮರಳುದಿಬ್ಬ, ಮೆಟ್ಟಿಲು ಎಲ್ಲ ಸೇರಿದ ಮೂರು ಕಿಲೋಮೀಟರಿನಷ್ಟು ಉದ್ದದ ದಾರಿಯಲ್ಲಿ ಸುಮಾರು ಒಂದು ಗಂಟೆ ಸುತ್ತುತ್ತಲೇ ಇರಬೇಕು. ಮೊದಲ ಸಲ ಇಳಿಯುವವರು ರಸ್ತೆಯ ಅಭ್ಯಾಸದಂತೆ ಟೈರಿಗೆ ಗಟ್ಟಿಯಾಗಿ ಗಾಳಿ ಹೊಡೆದುಕೊಂಡು ಬಂದರೆ ಮೊದಲ ತಿರುವಿನಲ್ಲೇ ಜಾರುತ್ತಾರೆ.

ಲೆಕ್ಕ ಹಾಕಿ ನೋಡಿ. ಸವಾರ, ಸೈಕಲ್ ಸೇರಿ 80 ಕಿಲೋ ಎನ್ನೋಣ. 90 ಪಿಎಸ್‌ಐ ಗಾಳಿಯಿದ್ದರೆ ಎರಡೂ ಟೈರು ಸೇರಿ ನೆಲಕ್ಕೆ ತಾಗುವುದು ಸುಮಾರು 13 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದಷ್ಟೂ ಇಲ್ಲ. ಅದನ್ನೇ 22ಕ್ಕೆ ಇಳಿಸಿದರೆ, ಅಂದರೆ ಸ್ಕೂಟರಿನ ಮುಂದಿನ ಚಕ್ರಕ್ಕೆ ನಾವು ಬಂಕಿನಲ್ಲಿ ಹಾಕಿಸುವಷ್ಟಕ್ಕೆ, ಮೂರು ಬೆಂಕಿಪೊಟ್ಟಣ ಮಲಗಿಸಿಟ್ಟಷ್ಟು ಜಾಗ ನೆಲವನ್ನು ಹಿಡಿಯುತ್ತದೆ. ದಪ್ಪ ಟೈರು ಹಾಕಿಕೊಳ್ಳೋಣವೆಂದರೆ ಅಂತರರಾಷ್ಟ್ರೀಯ ಓಟಗಳಲ್ಲಿ 33 ಮಿಲಿಮೀಟರಿಗಿಂತ ಅಗಲ ಇರಕೂಡದು. ಆದ್ದರಿಂದ ಆಟವೆಲ್ಲ ಗಾಳಿಯದ್ದೇ.

ಗಾಳಿ ಕಮ್ಮಿಯಾದರೆ ಬೇರೊಂದು ಅಪಾಯ. ಮರದ ಬೇರಿಗೆ ಚಕ್ರ ಬಡಿದಾಗ ರಿಮ್ಮಿನ ಅಂಚು ಟ್ಯೂಬನ್ನು ಜಜ್ಜಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಮಾಡುತ್ತದೆ. ಅದಕ್ಕೆ ಹಳಬರು ಕಂಡುಕೊಂಡದ್ದು ಟ್ಯೂಬನ್ನು ಒಳಗಿಟ್ಟು ಹೊಲಿದ ಟೈರು. ಅಂಚೇ ಇಲ್ಲದ ರಿಮ್ಮಿಗೆ ಅದನ್ನು ಅಂಟು ಹಾಕಿ ಕೂರಿಸುತ್ತಾರೆ. ಈಗ ಟ್ಯೂಬೇ ಇಲ್ಲದ ಟೈರುಗಳೂ ಬಂದಿವೆ.

ನನಗೆ ಇದಕ್ಕಿಂತ ಇಷ್ಟವಾಗುವ ಸಂಗತಿ ಇನ್ನೊಂದು. ಸವಾರ ತನ್ನ ಮೇಲಿಲ್ಲದ ಗಳಿಗೆಗಾಗಿಯೂ ರೂಪುಗೊಂಡ ಸೈಕಲ್ ಇದು. ದಾರಿಗೆ ಅಡ್ಡಲಾಗಿ 40 ಸೆಂಟಿಮೀಟರ್ ಎತ್ತರದ ಹಲಗೆಗಳಿರುತ್ತವೆ. ನುರಿತವರು ಹೇಗೆ ದಾಟುತ್ತಾರೆ ನೋಡಿ: ವೇಗ ಪೂರ್ತಿ ಇಳಿಯುವ ಮೊದಲೇ ಬಲಗಾಲು ಸೀಟಿನ ಮೇಲಿಂದ ಹಿಂದಕ್ಕೆ ಸುತ್ತಿ ಎಡಕ್ಕೆ ಬರುತ್ತದೆ, ಬಲಗೈ ಮೇಲಿನ ಬಾರನ್ನು ಹಿಡಿಯುತ್ತದೆ, ಕೊನೆಗೆ ಎಡಪಾದ ಪೆಡಲು ಬಿಡುತ್ತದೆ. ಅಷ್ಟರಲ್ಲಿ ಓಟ ಶುರುವಾಗಿರುತ್ತದೆ. ಎಡಕ್ಕೇ ಇಳಿಯುವುದೇಕೆಂದರೆ ಚೈನು, ಗೇರು ಇರುವುದು ಬಲಕ್ಕೆ. ಕಡಿದಾದ ಏರು ಬಂದರೆ ಸೈಕಲ್ ಹೆಗಲಿಗೆ. ಹೆಗಲಿಗೆ ಒತ್ತಬಾರದೆಂದು ಕೇಬಲ್ಲುಗಳನ್ನು ಬಾರಿನ ಅಡಿಯಲ್ಲಿ ಎಳೆಯುತ್ತಿರಲಿಲ್ಲ, ಮೇಲೆ ಎಳೆಯುತ್ತಿದ್ದರು. ಈಚೆಗೆ ಅವು ಕೊಳವೆಯ ಒಳಗೇ ಸೇರಿವೆ. ಮತ್ತೆ ಹತ್ತುವಾಗ ಸೀಟಿನ ಮೇಲೆ ದೊಪ್ಪನೆ ಕೂರುವಂತಿಲ್ಲ. ಬಲತೊಡೆಯ ಒಳಬದಿ ಮೊದಲು ತಾಗಿ, ಮೈ ಅಲ್ಲಿಂದ ಜಾರಿ ಕೂರಬೇಕು. ಹೊಸಬರಿಗೆ ಕಷ್ಟವಾಗುವುದು ಇದೇ. ಇದನ್ನು ಹುಲ್ಲಿನ ಮೇಲೆ, ನಡಿಗೆಯ ವೇಗದಲ್ಲಿ ಕಲಿಯುವುದು ಒಳ್ಳೆಯದು.

1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದು 1947ರ ಟೂರ್ ದ ಫ್ರಾನ್ಸ್ ವಿಜೇತ ಜಾನ್ ರೋಬಿಕ್. ಕೆಸರು ಅಂದಿನದೇ, ಇಂದಿಗೂ ಅದು ಫೋರ್ಕಿನ ಸಂದಿಯಲ್ಲಿ ಮೆತ್ತಿಕೊಂಡು ಚಕ್ರವನ್ನು ಹಿಡಿದುಬಿಡುತ್ತದೆ. ವೃತ್ತಿಪರರು ದಾರಿಬದಿಯ ಪಿಟ್ಟಿನಲ್ಲಿ ಕೆಸರಿನ ಸೈಕಲ್ ಕೊಟ್ಟು, ತೊಳೆದಿಟ್ಟದ್ದನ್ನು ಹತ್ತಿ ಹೊರಡುತ್ತಾರೆ. ಒಂದೇ ಸೈಕಲಿರುವ ಹೊಸಬರು ಬೆರಳಿನಿಂದಲೇ ಕೆಸರು ಕೆರೆದು ತೆಗೆದು, ಪೆಡಲಿಗೆ ಬೂಟನ್ನು ಒಮ್ಮೆ ಬಡಿದು, ಮುಂದಿನ ಸುತ್ತಿಗೆ ಹೊರಡುತ್ತಾರೆ.